ಆಟ ನಡೆಯುವುದು ಯಾವ ಮಾತಿನಲ್ಲಿ? ಕಲಬುರಗಿ ಸೀಮೆಯ ಮಕ್ಕಳು, ಮೊಬೈಲು ಮತ್ತು ನಮ್ಮ ಕನ್ನಡ

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ಒಪ್ಪಿಗೆ ಕೊಟ್ಟಾಗ ನಮ್ಮ ಕಡೆ ಕೇಳಿಬಂದ ಮಾತು ಒಂದೇ: "ಛಲೋ ಆಯ್ತು ಬಿಡ್ರಿ, ಹುಡುಗ್ರು ಹಾಳಾಗ್ಲತ್ತಿದ್ರು." ಸರಿಯಾದ ಮಾತೇ. ತೊಗರಿ ಮಾರಿದ ದುಡ್ಡನ್ನು ರಮ್ಮಿ ಆ್ಯಪ್‌ಗೆ ಸುರಿದು ಕೈ ಸುಟ್ಟುಕೊಂಡವರ ಕತೆ ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಯಾರಿಗೂ ಹೊಸದಲ್ಲ. ಅದು ನಿಂತದ್ದು ಒಳ್ಳೆಯದೇ.

ಆದರೆ ಆ ಕಾಯ್ದೆಯಲ್ಲಿ ಇನ್ನೊಂದು ವಿಷಯವೂ ಇದೆ. ಅದು ಆಟಗಳನ್ನು ಮೂರು ಗುಂಪು ಮಾಡುತ್ತದೆ. ಹಣ ಕಟ್ಟಿ ಆಡುವ ಆಟ ಒಂದು. ಅದಕ್ಕೂ ನಿಷೇಧ, ಅದರ ಜಾಹೀರಾತಿಗೂ ನಿಷೇಧ. ಇ-ಸ್ಪೋರ್ಟ್ಸ್, ಅಂದ್ರೆ ಪಂದ್ಯವಾಗಿ ಆಡುವ ವಿಡಿಯೊ ಗೇಮ್, ಇನ್ನೊಂದು. ಸುಮ್ನೆ ಖುಷಿಗೆ, ಕಲಿಕೆಗೆ ಆಡುವ ಆಟ ಮತ್ತೊಂದು. ಕೊನೆಯ ಎರಡನ್ನು ಬೆಳೆಸಬೇಕು ಅನ್ನುತ್ತದೆ ಕಾಯ್ದೆ. ಬೆಳೆಸಲಿ. ಯಾವ ಭಾಷೆಯಲ್ಲಿ ಬೆಳೆಸುತ್ತಾರೆ ಅನ್ನೋದು ನನ್ನ ಪ್ರಶ್ನೆ.

ಯಾಕೆ ಕೇಳ್ತೀನಿ ಅಂದ್ರೆ, ಇಷ್ಟು ದಿನ ಗೇಮ್‌ ಲೋಕದಿಂದ ಮುತುವರ್ಜಿ ವಹಿಸಿ ನಮ್ಮ ಜೊತೆ ಕನ್ನಡ ಮಾತಾಡಿದವರು ಹಣದ ಆಟದವರು. ಐಪಿಎಲ್ ನಡುವೆ, ಧಾರಾವಾಹಿಗಳ ನಡುವೆ, ಅಚ್ಚ ಕನ್ನಡದಲ್ಲಿ ಜಾಹೀರಾತು ಕೊಟ್ಟರು. ಜೇಬಿಗೆ ಕೈ ಹಾಕಬೇಕಾದಾಗ ಕನ್ನಡ ಬೇಕಾಯ್ತು. ಕತೆ ಹೇಳುವ ಆಟಗಳು, ಒಗಟು ಬಿಡಿಸುವ ಆಟಗಳು, ಮಕ್ಕಳ ತಲೆ ಓಡಿಸುವ ಆಟಗಳು ಮಾತ್ರ ಇಂಗ್ಲಿಷಿನಲ್ಲೇ ಉಳಿದವು, ಹೆಚ್ಚೆಂದರೆ ಹಿಂದಿಗೆ ಬಂದವು. ಇದು ಸಣ್ಣ ವಿಷಯ ಅಂತ ನನಗೆ ಅನಿಸುವುದಿಲ್ಲ.

ಸಂಜೆ ಹೊತ್ತು ಕಲಬುರಗಿಯ ಯಾವುದೇ ಬಡಾವಣೆಯ ಕಟ್ಟೆ ಹತ್ತಿರ ನಿಂತು ಕೇಳಿ. ನಾಲ್ಕು ಹುಡುಗರು, ನಾಲ್ಕು ಫೋನು. "ಏ ಹಿಂದ್ ಸರಿ ಲೇ, ಬಲಕ್ಕ ಇಬ್ರು ಅದಾರ. ಸ್ಮೋಕ್ ಹಾಕು. ನಂದು ಹೆಲ್ತ್ ಖತಮ್ ಆಗ್ಯಾದ, ಜಲ್ದಿ ಬಾ." ದೊಡ್ಡವರು ಇದನ್ನು ಕೇಳಿ ಕನ್ನಡ ಕೆಟ್ಟುಹೋಯ್ತು ಅಂತ ತಲೆ ಚಚ್ಚಿಕೊಳ್ಳುತ್ತಾರೆ. ನನಗೆ ಹಾಗೆ ಅನಿಸಲ್ಲ. ಆ ಮಾತನ್ನು ಬಿಡಿಸಿ ನೋಡಿ. ಆಟದೊಳಗಿನ ವಸ್ತುಗಳಿಗೆ ಇಂಗ್ಲಿಷ್ ಹೆಸರು ಇದೆ. ಮುಗಿಯುವುದಕ್ಕೆ, ಅವಸರಕ್ಕೆ ಉರ್ದು ಪದ ಇದೆ. ವಾಕ್ಯ ಕಟ್ಟಿರುವುದು, ದಿಕ್ಕು ತೋರಿಸಿರುವುದು, ಗೆಳೆಯನನ್ನು ಕರೆದಿರುವುದು ಎಲ್ಲ ಕನ್ನಡ, ಅದೂ ನಮ್ಮ ಸೀಮೆಯ ಕನ್ನಡ. ಈ ಬೆರಕೆ ಮೊಬೈಲ್ ತಂದದ್ದಲ್ಲ. ಖತಮ್, ಜಲ್ದಿ, ಬಾಜು, ಪರೇಶಾನ್ ಎಲ್ಲ ನಮ್ಮ ಅಜ್ಜಂದಿರ ಬಾಯಲ್ಲೇ ಇದ್ದವು. ಒಂದು ಕಡೆ ಮರಾಠಿ, ಇನ್ನೊಂದು ಕಡೆ ತೆಲುಗು, ಓಣಿಯಲ್ಲಿ ದಖನಿ ಉರ್ದು, ತಾಂಡಾದಲ್ಲಿ ಲಂಬಾಣಿ ಇರುವ ಸೀಮೆ ಇದು. ಇಲ್ಲಿ ಬೆರಕೆ ಮಾತು ಅಂದ್ರೆ ಗಟ್ಟಿ ಮಾತು.

ಅದೇ ಗುಂಪಿನ ನಾಲ್ಕನೆಯವನು ನಾಂದೇಡದವನೋ, ಹೈದರಾಬಾದಿನವನೋ, ಪಟ್ನಾದವನೋ ಆದಾಗ ಏನಾಗುತ್ತೆ ನೋಡಿ. ಎಲ್ಲರೂ ಒಂದೇ ಏಟಿಗೆ ಹಿಂದಿಗೆ ಹೊರಳುತ್ತಾರೆ. ದಖನಿ ಕಿವಿಗೆ ಬಿದ್ದು ಬೆಳೆದವರಾದ್ದರಿಂದ ನಮ್ಮ ಹುಡುಗರಿಗೆ ಇದು ಕಷ್ಟವೂ ಅಲ್ಲ, ಹಾಸನದ ಹುಡುಗನಿಗೆ ಆಗುವಷ್ಟು ಸಂಕೋಚವೂ ಇಲ್ಲ. ಅಂದ್ರೆ ಮಾತು ಯಾವುದು ಅಂತ ತೀರ್ಮಾನ ಮಾಡೋದು ಜೊತೆಗೆ ಕೂತವರು. ಪರದೆಯ ಮೇಲಿನ ಬರಹಕ್ಕೆ ಅದರಲ್ಲಿ ಪಾತ್ರ ಕಡಿಮೆ. ಹೀಗೆ ಗುಂಪು ಕಟ್ಟಿ ಆಡುವ ಶೂಟಿಂಗ್ ಗೇಮ್ ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಯ್ತು. 2021ರ ಜುಲೈನಲ್ಲಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಅಂತ ಬೇರೆ ಹೆಸರಲ್ಲಿ ಬಂತು. 2022ರ ಜುಲೈನಲ್ಲಿ ಮತ್ತೆ ತೆಗೆದರು, 2023ರ ಮೇನಲ್ಲಿ ಮತ್ತೆ ಬಂತು. ಇಷ್ಟೆಲ್ಲ ಆದರೂ ಕಟ್ಟೆಯ ಮಾತು ಬದಲಾಗಲಿಲ್ಲ.

ಹಾಗಾದರೆ ಚಿಂತೆ ಯಾಕೆ? ಚಿಂತೆ ಇರುವುದು ಬೇರೆ ಕಡೆ. ಅದನ್ನು ಹೇಳೋಕೆ ಚೌಕಾಬಾರಕ್ಕೆ ಬರಬೇಕು.

ಶಹಾಬಾದ್ ಪರ್ಸಿ ಹಾಸಿದ ಪಡಸಾಲೆ. ಸೀಮೆಸುಣ್ಣದಲ್ಲಿ ಐದಕ್ಕೈದು ಮನೆ ಬರೆದಿದೆ. ನಾಲ್ಕು ಕವಡೆ. ಕವಡೆ ಇಲ್ಲ ಅಂದ್ರೆ ಹುಣಸೆ ಬೀಜವನ್ನು ಅದೇ ಕಲ್ಲಿಗೆ ತಿಕ್ಕಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಂಡರೆ ಆಯ್ತು. ಬಾಯಿ ಮೇಲಾಗಿ ಎಷ್ಟು ಕವಡೆ ಬಿದ್ದವೋ ಕಾಯಿ ಅಷ್ಟು ಮನೆ ನಡೆಯುತ್ತದೆ. ನಾಲ್ಕೂ ಬಾಯಿ ತೆರೆದು ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು ಮನೆ. ಇವೆರಡರಲ್ಲಿ ಯಾವುದು ಬಿದ್ದರೂ ಇನ್ನೊಂದು ಸಲ ಹಾಕಬಹುದು. ಅಡ್ಡಗೆರೆ ಎಳೆದ ಕಟ್ಟೆ ಮನೆಯಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಎದುರಾಳಿಯ ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಕಾಲಿಡುವಂತಿಲ್ಲ. ನಡುಮನೆ ಮುಟ್ಟಿತೋ, ಕಾಯಿ ಹಣ್ಣಾಯ್ತು.

ಹೆಚ್ಚುಕಡಿಮೆ ಇಷ್ಟು ಎಲ್ಲ ಕಡೆ ಒಂದೇ. ಇದರಾಚೆ ಊರಿಗೊಂದು, ಮನೆಗೊಂದು ಪದ್ಧತಿ. ಮೂರು ಸಲ ಒಂದರ ಹಿಂದೊಂದು ಬಾರ ಬಿದ್ದರೆ ಲೆಕ್ಕಕ್ಕೆ ಬರುತ್ತಾ, ಸುಟ್ಟುಹೋಗುತ್ತಾ? ಒಂದೇ ಮನೆಯಲ್ಲಿ ಕೂತ ಜೋಡಿ ಕಾಯಿಯನ್ನು ಒಂಟಿ ಕಾಯಿ ಕಡಿಯಬಹುದಾ? ಕಡಿದವನಿಗೆ ಇನ್ನೊಂದು ಪಾಳಿ ಸಿಗುತ್ತಾ? ಇದನ್ನೆಲ್ಲ ಆಡುವ ಮೊದಲೇ ಮಾತಾಡಿಕೊಳ್ಳಬೇಕು. ಮಾತಾಡಿಕೊಂಡರೂ ನಡುವೆ ಜಗಳ ತಪ್ಪಿದ್ದಲ್ಲ.

"ನಮ್ಮ ಮನ್ಯಾಗ ಹಂಗಿಲ್ಲ."

"ನಿಮ್ಮ ಮನಿ ರೂಲ್ ಇಲ್ಲಿ ನಡೆಂಗಿಲ್ಲ. ಮೊದ್ಲs ಹೇಳೀನಿ, ಕಡಿದ್ರ ಇನ್ನೊಂದು ಪಾಳಿ. ಕಟ್ಟಿ ಮ್ಯಾಲಿದ್ರ ಮುಟ್ಟಂಗಿಲ್ಲ."

"ಯಾವಾಗ ಹೇಳಿದಿ? ಆಯಿ, ಇಕಿ ಹೇಳ್ಯಾಳ ಏನು?"

ಆಯಿ ತೊಗರಿ ಬೇಳೆ ಆರಿಸುತ್ತಾ ಕೂತವರು, ಈಗ ನ್ಯಾಯಾಧೀಶರು. ಹೋದ ವರ್ಷ ಪಂಚಮಿಗೆ ಆಡಿದಾಗ ಏನಾಗಿತ್ತು ಅಂತ ನೆನಪು ಮಾಡಿ ತೀರ್ಪು ಕೊಡುತ್ತಾರೆ.

ಇಲ್ಲಿ ಒಂದು ಎಂಟು ವರ್ಷದ ಮಗು ಏನು ಮಾಡ್ತಿದೆ ನೋಡಿ. ಹೀಗಾದರೆ ಹೀಗೆ, ಆದರೆ ಹೀಗಿದ್ದಾಗ ಮಾತ್ರ ಹಾಗಲ್ಲ ಅಂತ ಷರತ್ತು ಹಾಕುತ್ತಿದೆ. ಹಿಂದಿನ ಆಟವನ್ನು ಸಾಕ್ಷಿಗೆ ತರುತ್ತಿದೆ. ಎದುರಿನವರ ಮಾತಿನಲ್ಲಿ ತೂತು ಹುಡುಕುತ್ತಿದೆ. ತಾನು ಸೋಲುವ ತೀರ್ಪು ಬಂದರೂ ಒಪ್ಪಿ ಮುಂದಿನ ಕವಡೆ ಹಾಕುತ್ತಿದೆ. ಭಾಷೆ ಮಾಡಬಲ್ಲ ಕಷ್ಟದ ಕೆಲಸಗಳು ಇವು. ಕರಾರು ಮಾಡೋದು, ವಾದ ಮಾಡೋದು, ರಾಜಿ ಆಗೋದು. ಶಾಲೆಯ ಕನ್ನಡ ಪೀರಿಯಡ್‌ನಲ್ಲಿ ಪ್ರಶ್ನೋತ್ತರ ಬಾಯಿಪಾಠ ಮಾಡುವ ಮಗುವಿಗೆ ಇಂಥ ಕೆಲಸಕ್ಕೆ ಅವಕಾಶ ಎಷ್ಟು ಸಿಗುತ್ತೆ ಹೇಳಿ. ಆಟದಲ್ಲಿ ಭಾಷೆ ಬದುಕುವುದು ಈ ತಕರಾರಿನಲ್ಲಿ. ಇದೇ ನಾನು ಇಲ್ಲಿ ಹೇಳಬೇಕಂತ ಇರೋ ಮಾತು.

ಈಗ ಇದೇ ಕುಟುಂಬದ ಆಟ ಮೊಬೈಲಿಗೆ ಬಂದದ್ದನ್ನು ನೋಡಿ. ನಮ್ಮ ಪಚ್ಚೀಸಿ, ಪಗಡೆಯ ಜಾಡಿನಿಂದ ಹುಟ್ಟಿದ ಲೂಡೋಗೆ ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟ್ ಪಡೆದರು. ಅದು ಸುತ್ತಿ ಬಳಸಿ ನಮಗೇ ವಾಪಸ್ ಬಂತು. 2016ರಲ್ಲಿ ಭಾರತದ್ದೇ ಕಂಪನಿಯೊಂದು ಲೂಡೋ ಕಿಂಗ್ ತಂದಿತು. 2020ರ ಲಾಕ್‌ಡೌನ್‌ನಲ್ಲಿ ಅದನ್ನು ಆಡದ ಮನೆಯೇ ಇರಲಿಲ್ಲ ಅನ್ನಬಹುದು. ಬೇರೆ ಬೇರೆ ಊರಲ್ಲಿ ಸಿಕ್ಕಿಹಾಕಿಕೊಂಡ ಅಣ್ಣತಮ್ಮಂದಿರು ಒಟ್ಟಿಗೆ ಆಡಿದರು, ಅದು ದೊಡ್ಡ ಉಪಕಾರ. ಆದರೆ ಅಲ್ಲಿ ದಾಳ ಉರುಳಿಸುವುದು ಸಾಫ್ಟ್‌ವೇರು. ಕಾಯಿ ತಪ್ಪಾಗಿ ನಡೆಸೋಕೆ ಬರಲ್ಲ. ಲೆಕ್ಕ ತಪ್ಪಲ್ಲ. ಕವಡೆ ಗೋಡೆಗೆ ಒರಗಿ ನಿಂತು ಮೇಲೋ ಬೋರಲೋ ಅಂತ ಯಾರೂ ಮಂಡಿಯೂರಿ ನೋಡಬೇಕಿಲ್ಲ. ರೂಲು ಮೊದಲೇ ಬರೆದಿಟ್ಟಾಗಿದೆ, ಅದರ ಬಗ್ಗೆ ಮಾತಿಲ್ಲ. ಮಾತು ಬೇಕು ಅಂದ್ರೆ ರೆಡಿ ಎಮೋಜಿ ಒತ್ತಬಹುದು.

ಶೂಟಿಂಗ್ ಗೇಮ್‌ಗಳಲ್ಲೂ ಅಷ್ಟೇ. ಮಾತು ಧಾರಾಳವಾಗಿ ಇದೆ, ಆದರೆ ಬಹುಪಾಲು ಅಪ್ಪಣೆ ಮತ್ತು ಎಚ್ಚರಿಕೆ. ಬಾ, ಹೋಗು, ಹೊಡಿ, ಓಡು. ಹೊಡೆತ ಬಿತ್ತಾ ಇಲ್ವಾ ಅಂತ ಜಗಳ ಆಡೋಕೆ ಜಾಗ ಇಲ್ಲ, ಎಲ್ಲೋ ದೂರದ ಸರ್ವರ್ ತೀರ್ಮಾನ ಮಾಡಿ ಮುಗಿಸಿರುತ್ತದೆ. ಹುಡುಗರು ಕನ್ನಡ ಮರೆಯುತ್ತಿಲ್ಲ. ಕನ್ನಡಕ್ಕೆ ಇರುವ ಕೆಲಸ ಕಡಿಮೆಯಾಗುತ್ತಿದೆ.

ಇನ್ನೊಂದು ವಿಷಯ, ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ಪಡಸಾಲೆಯ ಚೌಕಾಬಾರದಲ್ಲಿ ಹೆಣ್ಣುಮಕ್ಕಳ ದನಿಯೇ ಜೋರು. ಅಜ್ಜಿ, ಅತ್ತೆ, ಸೊಸೆ, ಪಕ್ಕದ ಮನೆ ಹುಡುಗಿ ಎಲ್ಲ ಸೇರಿ ಆಡುವ ಆಟ ಅದು. ಆನ್‌ಲೈನ್ ಆಟಕ್ಕೆ ಬಂದರೆ ನಮ್ಮ ಎಷ್ಟೋ ಹುಡುಗಿಯರು ಮೈಕ್ ಬಂದ್ ಮಾಡಿಯೇ ಆಡುತ್ತಾರೆ. ಹೆಣ್ಣಿನ ದನಿ ಕೇಳಿದ ಕೂಡಲೇ ಶುರುವಾಗುವ ಕಿರಿಕಿರಿ ಬೇಡ ಅಂತ. ಚೆನ್ನಾಗಿ ಆಡುತ್ತಾರೆ, ಆದರೆ ಮಾತಿಲ್ಲದೆ ಆಡುತ್ತಾರೆ. ಹೊಸ ಆಟದ ಹೊಸ ಮಾತು ಹುಟ್ಟುತ್ತಿರುವ ಜಾಗದಲ್ಲಿ ಅರ್ಧ ಜನ ಬಾಯಿ ಮುಚ್ಚಿ ಕೂರಬೇಕು ಅಂದ್ರೆ ಆ ಮಾತು ಎಂಥದಾಗುತ್ತೆ ಅಂತ ಯೋಚಿಸಿ.

ಆಟದ ಮಾತು ಆಟದಲ್ಲೇ ಉಳಿಯುತ್ತೆ ಅಂತ ತಿಳ್ಕೊಬೇಡಿ. ಯಾವುದೇ ಚುನಾವಣೆಯ ಕಾಲದ ಕನ್ನಡ ಪೇಪರ್ ತೆಗೆದು ನೋಡಿ. ಅಖಾಡಕ್ಕೆ ಇಳಿದರು, ತೊಡೆ ತಟ್ಟಿದರು, ಪಟ್ಟು ಹಿಡಿದರು, ಎದುರಾಳಿಗೆ ಮಣ್ಣು ಮುಕ್ಕಿಸಿದರು. ಎಲ್ಲವೂ ಕುಸ್ತಿಯ ಮಾತು. ನಮ್ಮ ಕಡೆ ತಾಲೀಮಿನಲ್ಲಿ ಉಸ್ತಾದರ ಕೈಕೆಳಗೆ ಮೈಗೆ ಮಣ್ಣು ಹಚ್ಚಿಕೊಂಡವರಲ್ಲಿ ಎಲ್ಲ ಜಾತಿ, ಎರಡೂ ಧರ್ಮದವರು ಇದ್ದರು. ಜಾತ್ರೆಯ ಕುಸ್ತಿಯಲ್ಲಿ ಕೂಗಿದ ಮಾತು ಊರಿನ ಮಾತಾಯ್ತು, ಊರಿನ ಮಾತು ಪೇಪರಿನ ಹೆಡ್ಡಿಂಗ್ ಆಯ್ತು. ಕುಸ್ತಿಯನ್ನು ಜೀವಮಾನದಲ್ಲಿ ನೋಡದವರೂ ಈಗ "ಪಟ್ಟು ಬಿಡಲ್ಲ" ಅನ್ನುತ್ತಾರೆ. "ಆಟಕ್ಕುಂಟು ಲೆಕ್ಕಕ್ಕಿಲ್ಲ" ಅನ್ನೋದು ಚಿಕ್ಕ ಮಕ್ಕಳನ್ನು ಆಟಕ್ಕೆ ಸೇರಿಸಿಕೊಳ್ಳುವಾಗಿನ ಮಾತು, ಈಗ ಕಮಿಟಿಯಲ್ಲಿ ಹೆಸರಿಗೆ ಮಾತ್ರ ಇರುವವರಿಗೂ ಅದೇ ಮಾತು. ಕ್ರಿಕೆಟ್ ಬಂದ ಮೇಲೆ ಕ್ಲೀನ್ ಬೌಲ್ಡ್, ಸೆಕೆಂಡ್ ಇನ್ನಿಂಗ್ಸ್ ಸೇರಿಕೊಂಡವು. ಇಪ್ಪತ್ತು ವರ್ಷ ಆದ ಮೇಲೆ ಇಂದಿನ ಹುಡುಗರು ಸಂಪಾದಕರಾದಾಗ, ವಕೀಲರಾದಾಗ, ಶಾಸಕರಾದಾಗ ಅವರ ಬಾಯಲ್ಲಿ ಯಾವ ಆಟದ ಮಾತು ಇರುತ್ತೆ ಅನ್ನೋದು ಈಗ ಅವರು ಏನು ಆಡುತ್ತಾರೆ, ಯಾರ ಜೊತೆ ಆಡುತ್ತಾರೆ ಅನ್ನೋದರ ಮೇಲೆ ನಿಂತಿದೆ.

ಈ ಸೀಮೆಗೆ ಇದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕು. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮನ ಹೈದರಾಬಾದಿನಲ್ಲಿ ಇದ್ದವರು. ಕಚೇರಿಯ ಭಾಷೆ ಉರ್ದು, ಕೋರ್ಟಿನ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೂ ಉರ್ದುವಿನಲ್ಲೇ. ಓದು ಮುಂದುವರಿಸಬೇಕು ಅಂದ್ರೆ ಉರ್ದು ಕಲಿಯಲೇಬೇಕಿತ್ತು. ಅಂಥ ಕಾಲದಲ್ಲಿ ಕನ್ನಡ ಎಲ್ಲಿತ್ತು? ಹೊಲದಲ್ಲಿ, ಮಠದಲ್ಲಿ, ಭಜನೆಯಲ್ಲಿ, ಕಣದಲ್ಲಿ ರಾಶಿ ಮಾಡುವಾಗಿನ ಹಂತಿ ಪದದಲ್ಲಿ, ಮೊಹರಂನ ರಿವಾಯತ್ ಹಾಡಿನಲ್ಲಿ, ಮಕ್ಕಳ ಆಟದಲ್ಲಿ ಇತ್ತು. ಬೋರ್ಡಿನ ಮೇಲೆ ಇಲ್ಲದ ಭಾಷೆ ಬಾಯಲ್ಲಿ ಗಟ್ಟಿಯಾಗಿ ಉಳಿಯಿತು, ಯಾಕಂದ್ರೆ ಅದಕ್ಕೆ ಕೆಲಸ ಇತ್ತು. ಹಾಗಾಗಿ ಬರೀ ಮೆನುವಿನಲ್ಲಿ ಕನ್ನಡ ಅಕ್ಷರ ಬಂದರೆ ಸಾಕು ಅನ್ನುವವರ ಜೊತೆ ನನಗೆ ಪೂರ್ತಿ ಸಹಮತ ಇಲ್ಲ.

ಹಾಗಂತ ಅಕ್ಷರ ಬೇಡ ಅಂತ ಅಲ್ಲ. ಅಕ್ಷರ ಬೇಕು, ಮತ್ತು ಅದು ಬರದೇ ಇರೋದಕ್ಕೆ ಮಾರುಕಟ್ಟೆಯ ಜೊತೆಗೆ ಒಂದು ತಾಂತ್ರಿಕ ಕಾರಣವೂ ಇದೆ. ಇಂಗ್ಲಿಷಿನಲ್ಲಿ ಅಕ್ಷರದ ಪಕ್ಕ ಅಕ್ಷರ ಇಟ್ಟರೆ ಪದ ಆಯ್ತು. ಕನ್ನಡ ಹಾಗಲ್ಲ. "ಕಲ್ಯಾಣ" ಅನ್ನೋ ಪದವನ್ನೇ ನೋಡಿ. ಕಂಪ್ಯೂಟರ್ ಇದನ್ನು ಇಟ್ಟುಕೊಂಡಿರುವುದು ಕ, ಲ, ಅರ್ಧಾಕ್ಷರದ ಚಿಹ್ನೆ (ವಿರಾಮ), ಯ, ದೀರ್ಘದ ಚಿಹ್ನೆ, ಣ ಅಂತ ಆರು ತುಂಡಾಗಿ. ತೋರಿಸುವಾಗ ವಿರಾಮ ಮತ್ತು ಯ ಸೇರಿ ಒತ್ತಾಗಿ ಬದಲಾಗಿ, ದೀರ್ಘ ಹೋಗಿ ಲಕಾರಕ್ಕೆ ಅಂಟಿಕೊಳ್ಳಬೇಕು. ಹೀಗೆ ಜೋಡಿಸುವ ಕೆಲಸಕ್ಕೆ ಬೇರೆಯೇ ಒಂದು ತಂತ್ರಾಂಶ ಬೇಕು. ಫೋನಿನಲ್ಲಿ, ಬ್ರೌಸರಿನಲ್ಲಿ ಅದು ಇದೆ. ಆದರೆ ಗೇಮ್‌ಗಳು ತಮ್ಮ ಅಕ್ಷರಗಳನ್ನು ತಾವೇ ಚಿತ್ರದಂತೆ ಬಿಡಿಸಿಕೊಳ್ಳುತ್ತವೆ. ಮೊಬೈಲ್ ಗೇಮ್ ಮಾಡುವವರು ಜಾಸ್ತಿ ಬಳಸುವ ಯೂನಿಟಿ ಎಂಜಿನ್‌ನ (ಎಂಜಿನ್ ಅಂದ್ರೆ ಗೇಮ್ ಕಟ್ಟುವ ತಂತ್ರಾಂಶ) ಟೆಕ್ಸ್ಟ್‌ಮೆಶ್ ಪ್ರೋ ಅನ್ನುವ ಅಕ್ಷರ ವ್ಯವಸ್ಥೆಗೆ ಈ ಜೋಡಣೆ ತಾನಾಗಿ ಬರುವುದಿಲ್ಲ. ಒತ್ತು ಎಲ್ಲೋ, ಅಕ್ಷರ ಎಲ್ಲೋ ಚೆಲ್ಲಾಪಿಲ್ಲಿಯಾಗಿ ಬೀಳುತ್ತದೆ. ಸಣ್ಣ ತಂಡವೊಂದು ಇದನ್ನು ನೋಡಿ "ಕನ್ನಡ ಬೇಡಪ್ಪ, ಇಂಗ್ಲಿಷೇ ಇರಲಿ" ಅಂದ್ರೆ ಅವರನ್ನು ಬೈಯೋಕೂ ಆಗಲ್ಲ.

ಈ ತೊಡಕು ಈಗ ಬಿಡಿಸಲಾಗದ್ದೇನೂ ಅಲ್ಲ. 2023ರ ಮಾರ್ಚ್‌ನಲ್ಲಿ ಬಂದ ಗೊಡೋ 4 ಅನ್ನುವ ಉಚಿತ ಎಂಜಿನ್‌ನಲ್ಲಿ ಕನ್ನಡದಂಥ ಲಿಪಿಗಳ ಜೋಡಣೆ ಒಳಗೇ ಸೇರಿಕೊಂಡಿದೆ. ಕಲಬುರಗಿಯಲ್ಲೋ ಬೀದರಿನಲ್ಲೋ ಎಂಜಿನಿಯರಿಂಗ್ ಓದುತ್ತಿರುವ ಹುಡುಗಿ ತನ್ನ ಲ್ಯಾಪ್‌ಟಾಪ್‌ನಲ್ಲೇ ಇವತ್ತು ಸಂಜೆ ಅದನ್ನು ಇಳಿಸಿಕೊಂಡು, ಒಂದು ರೂಪಾಯಿ ಖರ್ಚಿಲ್ಲದೆ "ಕಲ್ಯಾಣ" ಅಂತ ಸರಿಯಾಗಿ ಬರೆಸಬಹುದು. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಅದನ್ನು ಅನುವಾದ ಮಾಡಿದವರು ಸ್ವಯಂಸೇವಕರು. ಯಾರೂ ಹೇಳದೆ, ಬಿಡುವು ಮಾಡಿಕೊಂಡು, ಒಂದೊಂದೇ ಪದ ಸೇರಿಸಿದವರು. ಅವರಿಗೆ ನನ್ನ ನಮಸ್ಕಾರ. ಇದನ್ನು ಓದುತ್ತಿರುವವರ ಮನೆಯಲ್ಲಿ ಆ ಆಟ ಇದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಒಮ್ಮೆ ಭಾಷೆ ಬದಲಿಸಿ ನೋಡಿ.

ಅನುವಾದ ಒಂದು ಹಂತ. ಅದರ ಮುಂದಿನ ಹಂತ ನಮ್ಮದೇ ಆಟ. ಇದಕ್ಕೆ ನನಗೆ ತುಂಬ ಹಿಡಿಸಿದ ಉದಾಹರಣೆ ಅಲಾಸ್ಕಾದ್ದು. ಅಲ್ಲಿನ ಇನ್ಯೂಪಿಯಾಟ್ ಜನರ ಭಾಷೆ ಆಡುವವರು ಬಹಳ ಕಡಿಮೆ. ಆ ಜನರ ಹಿರಿಯರು, ಕತೆಗಾರರು ಮತ್ತು ಗೇಮ್ ಮಾಡುವವರು ಒಟ್ಟಿಗೆ ಕೂತು 2014ರಲ್ಲಿ ನೆವರ್ ಅಲೋನ್ ಅನ್ನುವ ಆಟ ತಂದರು. ಹಿಮಗಾಳಿಯಲ್ಲಿ ನಡೆಯುವ ಒಬ್ಬ ಹುಡುಗಿ, ಜೊತೆಗೆ ಒಂದು ನರಿ. ಕತೆ ಹೇಳುವ ದನಿ ಪೂರ್ತಿ ಅವರ ಭಾಷೆಯಲ್ಲಿ, ಕೆಳಗೆ ಬೇರೆ ಭಾಷೆಯ ಸಾಲು. ಆಡುತ್ತಾ ಹೋದಂತೆ ಆ ಜನರೇ ತಮ್ಮ ಬದುಕಿನ ಬಗ್ಗೆ ಮಾತಾಡುವ ಚಿಕ್ಕ ವಿಡಿಯೊಗಳು ತೆರೆದುಕೊಳ್ಳುತ್ತವೆ. ಬೇರೆಯವರ ಆಟಕ್ಕೆ ತಮ್ಮ ಭಾಷೆ ತೊಡಿಸುವ ಬದಲು, ತಮ್ಮ ಕತೆ ಹೇಳುವ ರೀತಿಯನ್ನೇ ಆಟ ಮಾಡಿದರು. ಅಷ್ಟು ಚಿಕ್ಕ ಸಮುದಾಯಕ್ಕೆ ಇದು ಸಾಧ್ಯವಾಯ್ತು ಅಂದ್ರೆ, ಕೋಟಿಗಟ್ಟಲೆ ಜನ ಇರುವ ನಮಗೆ ಯಾಕಾಗಬಾರದು?

ಕತೆಗೆ, ಜಾಗಕ್ಕೆ ನಮ್ಮಲ್ಲಿ ಬರ ಇಲ್ಲ. ಬೀದರಿನ ಕರೇಜ್ ನೋಡಿದವರಿಗೆ ಗೊತ್ತು. ಬಹಮನಿ ಕಾಲದಲ್ಲಿ ಕಲ್ಲು ಕೊರೆದು ನೆಲದೊಳಗೆ ನೀರು ಹರಿಸಿದ ಸುರಂಗ, ನಡುನಡುವೆ ಮೇಲಿನಿಂದ ಬೆಳಕು ಬೀಳುವ ಬಾವಿಯಂಥ ಕಿಂಡಿಗಳು. ಆ ಕತ್ತಲು ಬೆಳಕಿನ ದಾರಿ ಒಗಟಿನ ಆಟಕ್ಕೆ ಹೇಳಿ ಮಾಡಿಸಿದಂತಿದೆ. ನೀರು ಎಲ್ಲಿ ಕಟ್ಟಿಕೊಂಡಿದೆ, ಯಾವ ಕಿಂಡಿ ತೆರೆದರೆ ಊರಿಗೆ ನೀರು ಮುಟ್ಟುತ್ತೆ? ಯಾದಗಿರಿಯ ಬೆಟ್ಟದ ಕೋಟೆ ಇದೆ. ಮಳಖೇಡ ಇದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ, ಒಂಬತ್ತನೇ ಶತಮಾನದಲ್ಲಿ ಕವಿರಾಜಮಾರ್ಗ ಹುಟ್ಟಿದ ಆ ಊರು ನಮ್ಮ ಸೇಡಂ ತಾಲ್ಲೂಕಿನಲ್ಲೇ ಇದೆ.

ಇನ್ನು ಬಸವಕಲ್ಯಾಣದ ವಿಷಯ ಹೇಳದೆ ಮುಂದೆ ಹೋಗೋಕೆ ಮನಸ್ಸು ಬರ್ತಿಲ್ಲ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣವನ್ನು ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಮಾನಸೋಲ್ಲಾಸ ಅನ್ನುವ ದೊಡ್ಡ ಗ್ರಂಥ ಬರೆದ. ನೂರು ಅಧ್ಯಾಯ, ಇಪ್ಪತ್ತು ಇಪ್ಪತ್ತರಂತೆ ಐದು ಭಾಗ. ಅದರಲ್ಲಿ ಒಂದು ಭಾಗ ವಿನೋದಗಳಿಗೆ, ಒಂದು ಭಾಗ ಕ್ರೀಡೆಗಳಿಗೆ. ಕುಸ್ತಿ ಇದೆ, ದಾಳದ ಆಟ ಇದೆ, ಕವಡೆಯ ಆಟವೂ ಇದೆ. ರಾಜ್ಯ ಹೇಗೆ ಆಳಬೇಕು ಅಂತ ಹೇಳುವ ಪುಸ್ತಕದಲ್ಲಿ ಆಟಕ್ಕೆ ಇಷ್ಟು ಜಾಗ ಕೊಟ್ಟ ಊರು ಈಗಿನ ಬೀದರ್ ಜಿಲ್ಲೆಯಲ್ಲಿದೆ. ಅದನ್ನು ಬರೆದದ್ದು ಸಂಸ್ಕೃತದಲ್ಲಿ. ಅದೇ ಶತಮಾನದಲ್ಲಿ, ಅದೇ ಕಲ್ಯಾಣದಲ್ಲಿ, ವಚನಕಾರರು ಜನರ ಮಾತಿನಲ್ಲೇ ದೊಡ್ಡ ವಿಷಯ ಹೇಳಿ ತೋರಿಸಿದರು. ಎರಡೂ ನಮ್ಮ ಆಸ್ತಿ. ಆಟದ ವಿಷಯಕ್ಕೆ ಬಂದಾಗ ಮಾತ್ರ ಎರಡನೆಯ ದಾರಿಯನ್ನು ನಾವು ಹಿಡಿದಿಲ್ಲ.

ಎರಡನೆಯ ದಾರಿ ಅಂದ್ರೆ ಜನರ ಮಾತು. ಇಲ್ಲಿ ಒಂದು ಎಚ್ಚರ ಬೇಕು. 2018ರ ಐಪಿಎಲ್‌ನಲ್ಲಿ ಟಿವಿಯಲ್ಲಿ ಕನ್ನಡ ಕಾಮೆಂಟರಿ ಬಂದಾಗ ನಮ್ಮ ಕಡೆಯವರೂ ಖುಷಿಪಟ್ಟರು. ಕೇಳ್ತಾ ಹೋದಂತೆ ಗೊತ್ತಾಯ್ತು, ಅದು ಹೆಚ್ಚಾಗಿ ಬೆಂಗಳೂರು ಮೈಸೂರು ಕಡೆಯ ಕನ್ನಡ. ತಪ್ಪೇನಿಲ್ಲ, ಅದೂ ನಮ್ಮದೇ. ಆದರೆ ಕಲಬುರಗಿಯ ಮಗು ತನ್ನ ಮನೆಯ ಮಾತನ್ನು ಪರದೆಯ ಮೇಲೆ ಕೇಳಬೇಕು ಅಂದ್ರೆ ನಗಿಸುವ ಪಾತ್ರದ ಬಾಯಲ್ಲೇ ಕೇಳಬೇಕಾದ ಸ್ಥಿತಿ ಸಿನಿಮಾದಲ್ಲಿ ಬಹಳ ಕಾಲದಿಂದ ಇದೆ. ಗೇಮ್‌ನಲ್ಲೂ ಅದೇ ಆಗಬಾರದು. ಹೀರೊ ಕೂಡ "ನಾ ಬರ್ಲತ್ತೀನಿ, ನೀ ಅಲ್ಲೇ ನಿಂದ್ರು" ಅನ್ನಲಿ. ಅವನ ಗೆಳೆಯ ದಖನಿಯಲ್ಲಿ ಉತ್ತರ ಕೊಡಲಿ. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಅರ್ಥ ಆಗಲಿ. ನಮ್ಮ ಓಣಿಯಲ್ಲಿ ಹಾಗೇ ಅಲ್ವಾ ಇರೋದು?

ಎಲ್ಲವನ್ನೂ ಒಂದೇ ಅಳತೆಗೆ ತಂದರೆ ಏನು ಸಿಗುತ್ತೆ, ಏನು ಹೋಗುತ್ತೆ ಅನ್ನೋದಕ್ಕೆ ಕಬಡ್ಡಿ ಸಾಕ್ಷಿ. ಮಹಾರಾಷ್ಟ್ರದ ಕಡೆ ಅದು ಹುತುತು. ತೆಲುಗರ ಕಡೆ ಚೆಡುಗುಡು. ಬಂಗಾಳದಲ್ಲಿ ಹಾಡುಡು. ಬೀದರ್ ಮೊದಲೆರಡರ ನಡುವೆ ಕೂತಿದೆ. 1990ರಲ್ಲಿ ಬೀಜಿಂಗ್ ಏಷ್ಯನ್ ಗೇಮ್ಸ್‌ಗೆ ಹೋಗುವ ಹೊತ್ತಿಗೆ ಒಂದು ಹೆಸರು, ಒಂದು ರೂಲು, ಉಸಿರು ಹಿಡಿದು ಹೇಳುವ ಒಂದೇ ಪದ. 2014ರಲ್ಲಿ ಪ್ರೊ ಕಬಡ್ಡಿ ಬಂತು, ಹಳ್ಳಿಯ ಹುಡುಗರಿಗೆ ದುಡ್ಡು ಬಂತು, ಗೌರವ ಬಂತು. ಇದನ್ನು ಬೇಡ ಅನ್ನುವಷ್ಟು ಹಟಮಾರಿ ನಾನಲ್ಲ. ಆದರೆ ಲೀಗಿಗೆ ಒಂದು ರೂಲು ಇರಬೇಕು ಅಂದ ಮಾತ್ರಕ್ಕೆ ಓಣಿಯಲ್ಲೂ ಅದೊಂದೇ ಇರಬೇಕಾಗಿಲ್ಲ. ಮೊಬೈಲ್ ಗೇಮ್‌ಗೂ ಇದೇ ಮಾತು ಸಲ್ಲುತ್ತದೆ.

ಈಗ ಮಾಡಬಹುದಾದ್ದೇನು? ಕರ್ನಾಟಕ ಸರ್ಕಾರಕ್ಕೆ ಅನಿಮೇಶನ್ ಮತ್ತು ಗೇಮಿಂಗ್‌ಗೆ ಅಂತಲೇ ನೀತಿ ಇದೆ. 2012ರಲ್ಲಿ ಮೊದಲನೆಯದು ಬಂತು. ಈಗ ನಡೆಯುತ್ತಿರುವುದು 2024ರಿಂದ 2029ರವರೆಗಿನದು. ಅದರಡಿ ಬೆಂಗಳೂರಿನ ಸ್ಟುಡಿಯೊಗಳು ಬೆಳೆಯಲಿ, ಬೇಡ ಅನ್ನಲ್ಲ. ಜೊತೆಗೆ ಕನ್ನಡದಲ್ಲಿ, ಅದರಲ್ಲೂ ಒಂದೊಂದು ಸೀಮೆಯ ಕನ್ನಡದಲ್ಲಿ ಆಟ ಮಾಡುವ ಸಣ್ಣ ತಂಡಗಳಿಗೆ ಬೇರೆಯಾಗಿ ಹಣ ಇಡಬೇಕು. ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಅಂದ ಕೂಡಲೇ ರಸ್ತೆ, ಕಟ್ಟಡ ನೆನಪಾಗುತ್ತೆ. ಹತ್ತು ಹುಡುಗ ಹುಡುಗಿಯರ ತಂಡಕ್ಕೆ ಒಂದು ವರ್ಷದ ಸಂಬಳ ಕೊಡೋಕೆ ಒಂದು ಸಮುದಾಯ ಭವನದ ದುಡ್ಡು ಬೇಕಾಗುತ್ತಾ? ನನಗೆ ಗೊತ್ತಿರುವ ಮಟ್ಟಿಗೆ ಅಷ್ಟು ಬೇಕಾಗಲ್ಲ.

ಸರ್ಕಾರಕ್ಕೆ ಕಾಯದೆ ಕಾಲೇಜುಗಳು ಶುರು ಮಾಡಬಹುದಾದ ಕೆಲಸವೂ ಇದೆ. ಫೋನಿನಲ್ಲಿ ರೆಕಾರ್ಡರ್ ಆನ್ ಮಾಡಿಕೊಂಡು ನಿಮ್ಮ ತಾಲ್ಲೂಕಿನಲ್ಲಿ ಚೌಕಾಬಾರದ ರೂಲು ಹೇಗಿದೆ ಅಂತ ಅಜ್ಜಿಯರ ಬಾಯಲ್ಲೇ ಹೇಳಿಸಿ. ಹುಲಿ ಕುರಿ ಆಟ, ಚಿಣ್ಣಿದಾಂಡು, ಗೋಲಿ, ಪಂಚಮಿಯ ಲಿಂಬೆಹಣ್ಣು ಎಸೆತ, ಎಲ್ಲದಕ್ಕೂ ಹೀಗೇ ಮಾಡಿ. ಔರಾದಿನ ರೂಲು, ಚಿಂಚೋಳಿಯ ರೂಲು, ಸುರಪುರದ ರೂಲು ಬೇರೆ ಬೇರೆ ಬಂದರೆ ಯಾವುದು ಸರಿ ಅಂತ ಕೇಳಬೇಡಿ. ಎಲ್ಲವನ್ನೂ ಇಟ್ಟುಕೊಳ್ಳಿ. ಎಣಿಸುವ ರೀತಿ, ಬೈಯುವ ರೀತಿ, ಗೆದ್ದಾಗ ಕೂಗುವ ರೀತಿ, ಸೋತವರನ್ನು ಸಮಾಧಾನ ಮಾಡುವ ರೀತಿ ಎಲ್ಲ ಬರಲಿ.

ಆಮೇಲೆ ಅದನ್ನು ಆ್ಯಪ್ ಮಾಡುವಾಗ ಒಂದು ಕೆಲಸ ಮಾಡಿ. ಆಟ ಶುರುವಾಗುವ ಮೊದಲು ಒಂದು ಕೋಣೆ ಇರಲಿ. ನಾಲ್ಕು ಜನ ಸೇರಿದ ಮೇಲೆ ಪರದೆಯ ಮೇಲೆ ಪ್ರಶ್ನೆಗಳು ಬರಲಿ: ಮೂರು ಬಾರ ಬಿದ್ದರೆ ಸುಡುತ್ತಾ? ಜೋಡಿ ಕಾಯಿ ಕಡಿಯಬಹುದಾ? ಕಡಿದರೆ ಇನ್ನೊಂದು ಪಾಳಿ ಇದೆಯಾ? ಉತ್ತರವನ್ನು ಆ್ಯಪ್ ಮೊದಲೇ ತುಂಬಿಡಬಾರದು. ನಾಲ್ಕೂ ಜನ ಮೈಕ್‌ನಲ್ಲಿ ಮಾತಾಡಿ ಒಪ್ಪಿಕೊಂಡ ಮೇಲೆಯೇ ಕವಡೆ ಕೈಗೆ ಬರಬೇಕು. ಮನೆಯವರು, ಗೆಳತಿಯರು ಮಾತ್ರ ಸೇರುವ ಹಾಗೆ ಬೀಗ ಹಾಕಿಕೊಳ್ಳುವ ಅವಕಾಶ ಇರಲಿ, ಹುಡುಗಿಯರು ಮೈಕ್ ಬಂದ್ ಮಾಡಿ ಆಡುವ ಪರಿಸ್ಥಿತಿ ಬರಬಾರದು. ನಡುವೆ ಜಗಳ ಎದ್ದರೆ ಆಟ ನಿಲ್ಲಿಸಿ ಮತ್ತೆ ಆ ಕೋಣೆಗೆ ಹೋಗುವ ಒಂದು ಬಟನ್ ಇಡಿ, ಅದರ ಮೇಲೆ "ತಕರಾರು" ಅಂತ ಬರೆಯಿರಿ.